ಪಾಪ ಎನ್ನಿಸಿತು ಎಂದ ತಪ್ಪಿಗೆ

ಕಳೆದ ಸಂಚಿಕೆಯಲ್ಲಿ ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯ ಬಗ್ಗೆ ಒಂದು ಪ್ಯಾರಾ ಬರೆದು ಸುಮ್ಮನಾಗಿದ್ದೆ. ಓದುಗರು ಸುಮ್ಮನಾಗಲಿಲ್ಲ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದೇ ಪುಸ್ತಕದ ಬಗ್ಗೆ ಇವೆ. ಆದ್ದರಿಂದ ಈ ಸಲದ ಅಂಕಣ ಪೂರ್ತಿ ಇದಕ್ಕೇ. ಅಡುಗೆ ಪುಸ್ತಕಗಳ ಬಗ್ಗೆ ಕೇಳಿದ ಬೆಳಗಾವಿಯ ಸೋದರಿ ಇನ್ನೊಂದು ತಿಂಗಳು ತಾಳಿಕೊಳ್ಳಬೇಕು.

ಓದದವರಿಗಾಗಿ ಕಥೆಯ ಎಳೆ ಇಷ್ಟು. ಅಮೆರಿಕದ ದಕ್ಷಿಣದಲ್ಲಿರುವ ಅಲಬಾಮಾ ರಾಜ್ಯ, 1930ರ ದಶಕ, ಮೇಕೂಂಬ್ ಎಂಬ ಕಲ್ಪಿತ ಊರು. ಟಾಮ್ ರಾಬಿನ್ಸನ್ ಎಂಬ ಕಪ್ಪು ಕೂಲಿಯಾಳು ಮೇಯೆಲ್ಲಾ ಯೂವೆಲ್ ಎಂಬ ಬಿಳಿಯ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದನೆಂದು ದೂರು. ಅವನ ಪರವಾಗಿ ನಿಲ್ಲುವವನು ವಕೀಲ ಆಟಿಕಸ್ ಫಿಂಚ್. ಇದನ್ನೆಲ್ಲ ಕಂಡು ಹೇಳುವವಳು ವಕೀಲನ ಪುಟ್ಟ ಮಗಳು ಸ್ಕೌಟ್. ಪುಸ್ತಕ ಬಂದದ್ದು 1960ರಲ್ಲಿ, ಪುಲಿಟ್ಜರ್ ಬಹುಮಾನ ಮರುವರ್ಷ.

ಅಂಕಣಕ್ಕೆ ಹೊಸಬರಾದವರಿಗೆ ನನ್ನ ಬಗ್ಗೆಯೂ ಒಂದು ಮಾತು. ನಾನು ವಿಮರ್ಶಕಿಯಲ್ಲ. ಮೂವತ್ತೊಂದು ವರ್ಷ ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿಯಾಗಿ ಸಾಕ್ಷಿಗಳ ಹೇಳಿಕೆ ಬಡಿದವಳು. ಪುಸ್ತಕಗಳನ್ನೂ ಹಾಗೆಯೇ ಓದುತ್ತೇನೆ, ಬೆರಳಿನ ತುದಿಯಿಂದ.

ಪ್ರ: ಟಾಮ್ ನಿರಪರಾಧಿ ಎಂಬುದು ನ್ಯಾಯಾಲಯದಲ್ಲೇ ಬಯಲಾಗುತ್ತದೆ. ಆದರೂ ಶಿಕ್ಷೆಯಾಗುತ್ತದೆ. ನಮ್ಮ ತರಗತಿಯಲ್ಲಿ ಇದನ್ನು ‘ವರ್ಣಭೇದ’ ಎಂಬ ಒಂದೇ ಪದದಲ್ಲಿ ಮುಗಿಸಿದರು. ಅಷ್ಟೇ ಏನು?
(ಬಿ.ಎ. ವಿದ್ಯಾರ್ಥಿನಿ, ಧಾರವಾಡ)

ಉ: ಪದ ಸರಿಯಾಗಿಯೇ ಇದೆ. ಆದರೆ ಅದು ಕಡತದ ಮೇಲೆ ಅಂಟಿಸಿದ ಚೀಟಿ. ಕಡತವನ್ನು ಬಿಚ್ಚಬೇಕಲ್ಲವೇ?

ಮೇಯೆಲ್ಲಾಳ ಮುಖದ ಬಲಭಾಗ ಬಾತಿತ್ತು. ಶೆರಿಫ್ ಹೆಕ್ ಟೇಟ್ ಮೊದಲು ಎಡಗಡೆ ಎನ್ನುತ್ತಾನೆ, ಆಮೇಲೆ ನೆನಪು ಮಾಡಿಕೊಂಡು ಬಲಗಡೆ ಎಂದು ತಿದ್ದಿಕೊಳ್ಳುತ್ತಾನೆ. ಕುತ್ತಿಗೆಯ ಸುತ್ತಲೂ ಬೆರಳಿನ ಗುರುತುಗಳಿದ್ದವು. ಎದುರಿಗೆ ನಿಂತವನು ಬಲಗೆನ್ನೆಗೆ ಬಾರಿಸಬೇಕಾದರೆ ಎಡಗೈ ಬೀಸಬೇಕು. ಸುತ್ತಲೂ ಗುರುತು ಬೀಳುವಂತೆ ಕುತ್ತಿಗೆ ಹಿಸುಕಬೇಕಾದರೆ ಎರಡು ಕೈ ಬೇಕು. ಟಾಮ್ ಹುಡುಗನಾಗಿದ್ದಾಗ ಹತ್ತಿಯ ಗಿರಣಿಯ ಯಂತ್ರಕ್ಕೆ ಸಿಕ್ಕಿದ ಅವನ ಎಡಗೈ ಬಲಗೈಗಿಂತ 12 ಅಂಗುಲ ಮೋಟು, ಜೀವವಿಲ್ಲದ್ದು. ಪ್ರಮಾಣ ಮಾಡುವಾಗ ಅವನು ಬಲಗೈಯಿಂದ ಎಡಗೈಯನ್ನು ಎತ್ತಿ ಬೈಬಲ್ಲಿನ ಮೇಲೆ ಇಡುತ್ತಾನೆ, ಅದು ಜಾರಿ ಬೀಳುತ್ತದೆ. ಮತ್ತೆ ಇಡಲು ಹೋಗುತ್ತಾನೆ. ಸಾಕು ಬಿಡು ಎನ್ನುತ್ತಾರೆ ನ್ಯಾಯಾಧೀಶರು. ಇತ್ತ ಹುಡುಗಿಯ ತಂದೆ ಬಾಬ್ ಯೂವೆಲ್‌ನಿಂದ ವಕೀಲ ಒಂದು ಲಕೋಟೆಯ ಹಿಂಬದಿಯಲ್ಲಿ ಹೆಸರು ಬರೆಸುತ್ತಾನೆ. ಅವನು ಬರೆಯುವುದು ಎಡಗೈಯಲ್ಲಿ. ವೈದ್ಯರನ್ನು ಯಾರೂ ಕರೆಸಿರಲೇ ಇಲ್ಲ.

ಇಷ್ಟು ಅಚ್ಚುಕಟ್ಟಾದ ಪಾಟೀಸವಾಲನ್ನು ನನ್ನ ಸೇವೆಯಲ್ಲಿ ಎರಡೋ ಮೂರೋ ಸಲ ಟೈಪು ಮಾಡಿದ್ದೇನೆ. ನಮ್ಮಲ್ಲಾಗಿದ್ದರೆ ಆ ಹಾಳೆಗಳ ಕೊನೆಗೆ ‘ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ’ ಎಂಬ ಮಾಮೂಲಿ ಸಾಲು ಬರುತ್ತಿತ್ತು. ಆ ಸಾಲನ್ನು ಬಡಿಯುವಾಗ ನಮಗೆ ಗೊತ್ತಿರುತ್ತದೆ, ಸಾಕ್ಷಿ ಮುರಿದು ಬಿದ್ದಿದೆ ಎಂದು. ಮೇಕೂಂಬಿನಲ್ಲೂ ಎಲ್ಲರಿಗೂ ಗೊತ್ತಿತ್ತು.

ಹಾಗಿದ್ದರೆ ಟಾಮ್ ಸೋತದ್ದು ಎಲ್ಲಿ? ಸರ್ಕಾರಿ ವಕೀಲ ಗಿಲ್ಮರ್ ಕೇಳುವ ಒಂದು ಸಾದಾ ಪ್ರಶ್ನೆಯಲ್ಲಿ. ಬಿಡಿಗಾಸೂ ಇಲ್ಲದೆ ಆ ಹುಡುಗಿಗೆ ಕಟ್ಟಿಗೆ ಒಡೆದುಕೊಡುತ್ತಿದ್ದೆಯಲ್ಲ, ಏಕೆ? ಟಾಮ್ ಯೋಚಿಸದೆ ನಿಜ ಹೇಳುತ್ತಾನೆ: ಅವಳನ್ನು ಕಂಡು ಪಾಪ ಎನ್ನಿಸಿತು. ಗಿಲ್ಮರ್ ಆ ಮಾತನ್ನು ಎತ್ತಿ ಹಿಡಿದು ಮತ್ತೆ ಮತ್ತೆ ಸಭೆಗೆ ತೋರಿಸುತ್ತಾನೆ. ನಿನಗೆ? ಅವಳನ್ನು ಕಂಡು? ಪಾಪ ಎನ್ನಿಸಿತೇ? ಟಾಮ್‌ಗೆ ತನ್ನ ತಪ್ಪು ಅರಿವಾಗುತ್ತದೆ, ಆದರೆ ಕೆಳಗೆ ಕುಳಿತ ಬಿಳಿಯರ ಮುಖ ಆಗಲೇ ಗಂಟಿಕ್ಕಿದೆ.

ಕೈಯ ಸಾಕ್ಷ್ಯ ಸುಳ್ಳಾಗಲಿಲ್ಲ, ಗಮನಿಸಿ. ಕನಿಕರ ಎತ್ತರದಿಂದ ಕೆಳಕ್ಕೆ ಹರಿಯಬೇಕು ಎಂಬುದು ಆ ಊರಿನ ಕಟ್ಟಳೆ. ಒಬ್ಬ ಕಪ್ಪು ಆಳು ಬಿಳಿಯ ಹುಡುಗಿಯ ಬಗ್ಗೆ ಕನಿಕರಪಟ್ಟ ಕೂಡಲೇ ಅವನು ಅವಳಿಗಿಂತ ಒಂದು ಮೆಟ್ಟಿಲು ಮೇಲೆ ನಿಂತಂತಾಯಿತು. ತೀರ್ಪು ಹೇಳಲು ಆರಿಸಿ ಕೂರಿಸಿದ ಸಾಮಾನ್ಯ ಜನರ ಕೂಟ, ಅಂದರೆ ಜ್ಯೂರಿ; ಅದರ ಹನ್ನೆರಡು ಮಂದಿ ಅತ್ಯಾಚಾರಕ್ಕೆ ಅಲ್ಲ, ಆ ಮೆಟ್ಟಿಲಿಗೆ ಶಿಕ್ಷೆ ಕೊಟ್ಟರು.

ಇಂಗ್ಲಿಷಿನಲ್ಲಿ ಓದುವವರಿಗೆ ದಕ್ಕದ ಒಂದು ಲಾಭ ಇಲ್ಲಿ ನಮಗಿದೆ. ಮಾಕಿಂಗ್‌ಬರ್ಡ್ ಹಕ್ಕಿಯನ್ನು ಕೊಲ್ಲುವುದು ಪಾಪ ಎಂದು ಆಟಿಕಸ್ ಮಕ್ಕಳಿಗೆ ಹೇಳುತ್ತಾನೆ. ಅದೂ ಪಾಪ. ಟಾಮ್‌ಗೆ ಅನ್ನಿಸಿದ್ದೂ ಪಾಪ. ನಮ್ಮ ಮಲೆನಾಡಿನ ಕಡೆ ಸಾಧು ಮನುಷ್ಯನನ್ನು ‘ಪಾಪದವನು’ ಎನ್ನುತ್ತೇವೆ, ಅವನಿಗೂ ಅದೇ ಪದ. ಇಂಗ್ಲಿಷಿನಲ್ಲಿ ಇವು ಮೂರು ಬೇರೆ ಬೇರೆ ಮಾತುಗಳು. ಈ ಕಾದಂಬರಿಯನ್ನು ನಾನು ಎರಡನೆಯ ಸಲ ಓದಿದಾಗ ತಲೆಯೊಳಗೆ ಕನ್ನಡ ಓಡುತ್ತಿತ್ತು, ಆ ಒಂದು ಪದ ಎಲ್ಲ ಬಾಗಿಲುಗಳನ್ನೂ ತೆರೆಯಿತು. ನಿಮ್ಮ ಉತ್ತರಪತ್ರಿಕೆಯಲ್ಲಿ ಇದನ್ನು ಬರೆದರೆ ಅಂಕ ಬರುತ್ತದೆಯೋ ಇಲ್ಲವೋ ನಾನು ಹೊಣೆಯಲ್ಲ.

ಪ್ರ: ಮೇಯೆಲ್ಲಾ ಸುಳ್ಳು ಹೇಳಿ ಒಬ್ಬನ ಜೀವ ತೆಗೆದಳು. ಅವಳ ಬಗ್ಗೆ ಲೇಖಕಿಗೆ ಅಷ್ಟೊಂದು ಮರುಕ ಏಕೆ? ಮತ್ತು ಇಂಥ ಕಥೆ ಓದಿದವರು ದೂರು ಕೊಡುವ ಹೆಣ್ಣುಮಕ್ಕಳನ್ನೆಲ್ಲ ಸಂಶಯದಿಂದ ನೋಡುವುದಿಲ್ಲವೇ?
(ನಿವೃತ್ತ ಶಿಕ್ಷಕಿ, ಕುಮಟಾ)

ಉ: ಎರಡನೆಯ ಪ್ರಶ್ನೆ ನನ್ನನ್ನು ಎರಡು ರಾತ್ರಿ ಕಾಡಿತು.

ಮೊದಲನೆಯದಕ್ಕೆ ಪುಸ್ತಕದಲ್ಲೇ ಉತ್ತರವಿದೆ. ಯೂವೆಲ್ ಮನೆ ಊರಿನ ಕಸದ ಗುಂಡಿಯ ಹಿಂದೆ ಇದೆ. ಆ ಕೊಳಕು ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಅಂಚು ಮುಕ್ಕಾದ ಆರು ಪಾತ್ರೆಗಳಲ್ಲಿ ಕೆಂಪು ಜೆರೇನಿಯಂ ಹೂಗಳಿವೆ. ಅವು ಹತ್ತೊಂಬತ್ತರ ಮೇಯೆಲ್ಲಾ ಸಾಕಿದ ಗಿಡಗಳು. ಏಳು ತಮ್ಮ ತಂಗಿಯರನ್ನು ಐಸ್‌ಕ್ರೀಂ ತಿನ್ನಲು ಪೇಟೆಗೆ ಕಳಿಸಲು ಅವಳು ಒಂದು ವರ್ಷ ಚಿಲ್ಲರೆ ಕೂಡಿಟ್ಟಿದ್ದಳು. ಕಟಕಟೆಯಲ್ಲಿ ಆಟಿಕಸ್ ಅವಳನ್ನು ಮರ್ಯಾದೆಯಿಂದ ಕರೆದರೆ ಗೇಲಿ ಮಾಡುತ್ತಿದ್ದಾನೆ ಎಂದು ಅಳುತ್ತಾಳೆ. ಹುಟ್ಟಿದಂದಿನಿಂದ ಯಾರೂ ಹಾಗೆ ಕರೆದಿರಲಿಲ್ಲ. ‘ಕುಳಿತುಕೊಳ್ಳಮ್ಮಾ’ ಎಂದ ಮಾತಿಗೆ ಕಣ್ಣೀರು ಹಾಕಿದ ಸಾಕ್ಷಿಗಳನ್ನು ನಾನೂ ನೋಡಿದ್ದೇನೆ. ಅವಳು ತಾನಾಗಿ ಟಾಮ್‌ನನ್ನು ಅಪ್ಪಿಕೊಂಡಳು, ತಂದೆ ಕಿಟಕಿಯಿಂದ ಕಂಡ, ತಂದೆಯೇ ಹೊಡೆದ. ಆಮೇಲೆ ಅವಳ ಮುಂದಿದ್ದದ್ದು ಎರಡೇ ದಾರಿ, ತಾನು ಸಾಯುವುದು ಅಥವಾ ಅವನನ್ನು ಸಾಯಿಸುವುದು. ಮರುಕಪಡಿ ಎಂದು ಲೇಖಕಿ ಹೇಳುವುದಿಲ್ಲ. ಹೂಕುಂಡಗಳನ್ನು ತೋರಿಸಿ ಸುಮ್ಮನಾಗುತ್ತಾಳೆ.

ಎರಡನೆಯದಕ್ಕೆ ಬರುತ್ತೇನೆ. ನಾನು ಬಡಿದ ಅತ್ಯಾಚಾರದ ಹೇಳಿಕೆಗಳಲ್ಲಿ ಬಹುಪಾಲು ನಿಜವೆಂದು ನನ್ನ ಬೆರಳುಗಳಿಗೆ ಗೊತ್ತಿತ್ತು. ಆ ಹೆಂಗಸರನ್ನು ಪಾಟೀಸವಾಲಿನಲ್ಲಿ ಎಳೆದಾಡಿದ್ದನ್ನೂ ನಾನೇ ಬಡಿದಿದ್ದೇನೆ, ಒಂದು ಸಲ ಮಧ್ಯದಲ್ಲಿ ನೀರು ಕುಡಿಯುವ ನೆಪ ಹೇಳಿ ಎದ್ದು ಹೋಗಿದ್ದೆ. ಆಟಿಕಸ್‌ನ ಪಾಟೀಸವಾಲನ್ನು ಮಾದರಿ ಎಂದು ಎತ್ತಿಕೊಂಡು ಎಲ್ಲ ದೂರುದಾರರ ಮೇಲೆ ಬೀಸುವ ವಕೀಲರೂ ಇರುತ್ತಾರೆ. ಈ ಪುಸ್ತಕದಿಂದ ಆ ಪಾಠ ಕಲಿಯುವವರು ಜೆರೇನಿಯಂ ಪುಟಗಳನ್ನು ಹಾರಿಸಿ ಓದಿರುತ್ತಾರೆ. ಇದಕ್ಕಿಂತ ಗಟ್ಟಿಯಾದ ಉತ್ತರ ನನ್ನಲ್ಲಿಲ್ಲ, ಟೀಚರ್.

ಪ್ರ: ಮಾಕಿಂಗ್‌ಬರ್ಡ್ ಎಂದರೆ ನಮ್ಮ ಯಾವ ಹಕ್ಕಿ?
(ಪಕ್ಷಿವೀಕ್ಷಕ, ತೀರ್ಥಹಳ್ಳಿ)

ಉ: ನಮ್ಮಲ್ಲಿ ಆ ಹಕ್ಕಿ ಇಲ್ಲ. ಅದು ಅಮೆರಿಕ ಖಂಡದ ಬೂದು ಬಣ್ಣದ ಹಾಡುಹಕ್ಕಿ, ಬೇರೆ ಹಕ್ಕಿಗಳ ದನಿಗಳನ್ನು ಅನುಕರಿಸಿ ಹಾಡುತ್ತದೆ. ಅನುಕರಣೆಯ ಮಟ್ಟಿಗೆ ನಮ್ಮ ಕಾಜಾಣ ನೆನಪಾದರೂ ಕುಲ ಬೇರೆ. ಅದು ತೋಟ ಹಾಳು ಮಾಡುವುದಿಲ್ಲ, ಕಣಜ ಕೆಡಿಸುವುದಿಲ್ಲ, ಸುಮ್ಮನೆ ಹಾಡುತ್ತದೆ ಎಂಬುದು ಕಾದಂಬರಿಯಲ್ಲಿ ಮಿಸ್ ಮೌಡಿ ಎಂಬ ನೆರೆಮನೆಯಾಕೆ ಕೊಡುವ ವಿವರಣೆ. ಫಿಂಚ್ ಎಂಬ ಮನೆತನದ ಹೆಸರೂ ಹಕ್ಕಿಯದೇ. ಅದು ಹಾರ್ಪರ್ ಲೀ ಅವರ ತಾಯಿಯ ತವರಿನ ಹೆಸರು.

ಪ್ರ: ಇದು ನಡೆದ ಘಟನೆಯೇ?
(ಬ್ಯಾಂಕ್ ಉದ್ಯೋಗಿ, ಮೈಸೂರು)

ಉ: ನಡೆದದ್ದಲ್ಲ. ಆದರೆ ನಡೆಯುತ್ತಲೇ ಇದ್ದದ್ದು.

ಲೇಖಕಿ ಹುಟ್ಟಿದ್ದು 1926ರಲ್ಲಿ, ಅಲಬಾಮಾದ ಮನ್ರೋವಿಲ್ ಎಂಬ ಚಿಕ್ಕ ಊರಿನಲ್ಲಿ. ತಂದೆ ಎ.ಸಿ. ಲೀ ವಕೀಲರು. ಅವರು 1919ರಲ್ಲಿ ಕೊಲೆಯ ಆರೋಪ ಹೊತ್ತ ಇಬ್ಬರು ಕಪ್ಪು ಜನರ ಪರ, ತಂದೆ ಮತ್ತು ಮಗನ ಪರ, ವಾದಿಸಿ ಸೋತರು. ಇಬ್ಬರಿಗೂ ಗಲ್ಲಾಯಿತು. ಆಮೇಲೆ ಅವರು ಕ್ರಿಮಿನಲ್ ಮೊಕದ್ದಮೆಯನ್ನೇ ಹಿಡಿಯಲಿಲ್ಲ.

ಲೇಖಕಿಗೆ ಐದು ವರ್ಷವೂ ತುಂಬಿರದಿದ್ದಾಗ, 1931ರ ಮಾರ್ಚ್ 25ರಂದು, ಅದೇ ರಾಜ್ಯದಲ್ಲಿ ಒಂದು ಗೂಡ್ಸ್ ರೈಲಿನಿಂದ ಒಂಬತ್ತು ಕಪ್ಪು ಹುಡುಗರನ್ನು ಇಳಿಸಿ ಹಿಡಿದರು. ಅದೇ ರೈಲಿನಲ್ಲಿದ್ದ ಇಬ್ಬರು ಬಿಳಿಯ ಯುವತಿಯರ ಮೇಲೆ ಅತ್ಯಾಚಾರದ ಆರೋಪ. ಸ್ಕಾಟ್ಸ್‌ಬರೋ ಎಂಬ ಊರಿನಲ್ಲಿ ವಿಚಾರಣೆ. ಹಿಡಿದ ಹದಿನೈದು ದಿನದಲ್ಲಿ ಎಂಟು ಮಂದಿಗೆ ಮರಣದಂಡನೆ. ಹದಿನೈದು ದಿನದಲ್ಲಿ ನಮ್ಮಲ್ಲಿ ಒಂದು ಸಮನ್ಸ್ ಜಾರಿಯಾಗುವುದಿಲ್ಲ. 1933ರಲ್ಲಿ ಯುವತಿಯರಲ್ಲಿ ಒಬ್ಬಳು ನಾನು ಹೇಳಿದ್ದು ಸುಳ್ಳು ಎಂದು ನ್ಯಾಯಾಲಯದಲ್ಲಿ ನುಡಿದಳು, ಆಗಲೂ ಜ್ಯೂರಿ ಅಪರಾಧಿ ಎಂದೇ ಹೇಳಿತು. ಆ ತೀರ್ಪನ್ನು ಬದಿಗಿಟ್ಟ ನ್ಯಾಯಾಧೀಶ ಜೇಮ್ಸ್ ಹಾರ್ಟನ್ ಮರುವರ್ಷದ ಚುನಾವಣೆಯಲ್ಲಿ ಕುರ್ಚಿ ಕಳೆದುಕೊಂಡರು. ಅಲ್ಲಿ ಅಂಥ ನ್ಯಾಯಾಧೀಶರು ಮತ ಕೇಳಿ ಬರುವವರು.

ಆ ಮೊಕದ್ದಮೆಯಲ್ಲಿ ನನ್ನಂಥ ಗುಮಾಸ್ತೆಯರ ಎದೆಗೆ ನಾಟುವ ಸಂಗತಿ ಒಂದಿದೆ. ಜ್ಯೂರಿಗೆ ಕಪ್ಪು ಜನರನ್ನು ಕರೆಯುವುದೇ ಇಲ್ಲ ಎಂದು ಬಚಾವಿನ ವಕೀಲ ಸ್ಯಾಮ್ಯುಯೆಲ್ ಲೀಬೊವಿಟ್ಜ್ ಆಕ್ಷೇಪಿಸಿದಾಗ, ಕರೆಯುತ್ತೇವಲ್ಲ ಎಂದು ಜ್ಯೂರಿ ಪಟ್ಟಿಯ ದಫ್ತರವನ್ನು ಹಾಜರುಪಡಿಸಿದರು. ನೋಡಿದರೆ ಕಪ್ಪು ಜನರ ಹೆಸರುಗಳನ್ನು ಆಮೇಲೆ ತುರುಕಿದ್ದರು. ದಫ್ತರ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿಗೆ ಹೋಯಿತು, ನ್ಯಾಯಮೂರ್ತಿಗಳು ಭೂತಗನ್ನಡಿ ಹಿಡಿದು ಆ ಶಾಯಿಯನ್ನು ನೋಡಿದರು, 1935ರಲ್ಲಿ ಶಿಕ್ಷೆ ರದ್ದು ಮಾಡಿದರು. ಆ ಹೆಸರುಗಳನ್ನು ತುರುಕಿದ ಕೈ ನನ್ನ ವೃತ್ತಿಯವರದೇ ಯಾರದೋ ಇರಬೇಕು. ಊಟದ ಡಬ್ಬಿ ಪಕ್ಕಕ್ಕಿಟ್ಟು, ಲೇಖನಿಗೆ ಶಾಯಿ ಅದ್ದಿ, ಮೇಲಿನವರು ಹೇಳಿದ್ದನ್ನು ಮಾಡಿದ ಒಬ್ಬ ಸಂಸಾರಸ್ಥ. ಸುಪ್ರೀಂ ಕೋರ್ಟ್ ರದ್ದು ಮಾಡಿದ ಮೇಲೂ ಆ ಹುಡುಗರ ಪಾಡು ಮುಗಿಯಲಿಲ್ಲ. ಮತ್ತೆ ವಿಚಾರಣೆ, ಮತ್ತೆ ಶಿಕ್ಷೆ. ಕೊನೆಯ ಮೂವರಿಗೆ ರಾಜ್ಯ ಕ್ಷಮಾದಾನ ಕೊಟ್ಟದ್ದು 2013ರಲ್ಲಿ, ಅವರೆಲ್ಲ ಸತ್ತ ಮೇಲೆ.

ಇನ್ನೊಂದನ್ನು ಹೇಳದೆ ಬಿಡಲಾರೆ. ಮನ್ರೋವಿಲ್ ಊರು ಈ ಕಾದಂಬರಿಯನ್ನು ಹೆಮ್ಮೆಯಿಂದ ಮೆರೆಸುತ್ತದೆ, ಹಳೆಯ ನ್ಯಾಯಾಲಯ ಈಗ ವಸ್ತುಸಂಗ್ರಹಾಲಯ. ಅದೇ ಊರಿನಲ್ಲಿ 1986ರಲ್ಲಿ ಒಬ್ಬ ಬಿಳಿಯ ಯುವತಿಯ ಕೊಲೆಯಾಯಿತು. ವಾಲ್ಟರ್ ಮ್ಯಾಕ್‌ಮಿಲಿಯನ್ ಎಂಬ ಕಪ್ಪು ಮನುಷ್ಯನನ್ನು ಹಿಡಿದರು. ಕೊಲೆಯ ಹೊತ್ತಿನಲ್ಲಿ ಅವನು ಮನೆಯಲ್ಲೇ ಚರ್ಚಿನ ಸಹಾಯಾರ್ಥ ಮೀನು ಹುರಿದು ಮಾರುವ ಕಾರ್ಯಕ್ರಮದಲ್ಲಿ ಹತ್ತಾರು ಜನರ ನಡುವೆ ಇದ್ದ. ಆ ಜನ ಕಪ್ಪು ಜನ. ವಿಚಾರಣೆ ಶುರುವಾಗುವ ಮೊದಲೇ ಅವನನ್ನು ಮರಣದಂಡನೆಯ ಕೈದಿಗಳ ಸಾಲಿನಲ್ಲಿ ಇಟ್ಟಿದ್ದರು. 1988ರಲ್ಲಿ ಜ್ಯೂರಿ ಜೀವಾವಧಿ ಸಾಕು ಎಂದರೂ ನ್ಯಾಯಾಧೀಶರು ಅದನ್ನು ಮೀರಿ ಮರಣದಂಡನೆ ಕೊಟ್ಟರು. ವಕೀಲ ಬ್ರಯಾನ್ ಸ್ಟೀವನ್‌ಸನ್ ಹೋರಾಡಿ 1993ರಲ್ಲಿ ಬಿಡಿಸಿದರು. ಆ ನ್ಯಾಯಾಧೀಶರ ಹೆಸರು ರಾಬರ್ಟ್ ಇ. ಲೀ ಕೀ. ಅದರಲ್ಲಿ ರಾಬರ್ಟ್ ಇ. ಲೀ ಎಂಬುದು ಗುಲಾಮಗಿರಿಯ ಪರ ಯುದ್ಧಕ್ಕಿಳಿದ ದಕ್ಷಿಣದ ಸೇನಾಪತಿಯ ಹೆಸರು. ಕಾದಂಬರಿಯಲ್ಲಿ ಕಟಕಟೆಗೆ ಬರುವ ಬಾಬ್ ಯೂವೆಲ್‌ನ ಪೂರ್ಣ ಹೆಸರು ರಾಬರ್ಟ್ ಇ. ಲೀ ಯೂವೆಲ್. ನಾನು ಇದನ್ನು ಕಂಡುಹಿಡಿದ ದಿನ ಚಹಾ ಆರಿಹೋಯಿತು.

ಪ್ರ: 2015ರಲ್ಲಿ ಬಂದ ಇನ್ನೊಂದು ಕಾದಂಬರಿಯಲ್ಲಿ ಆಟಿಕಸ್ ವರ್ಣಭೇದದ ಪರ ಇದ್ದಾನಂತೆ. ಮಗನಿಗೆ ಅವನ ಹೆಸರನ್ನೇ ಹೇಳಿ ಬೆಳೆಸಿದ್ದೆ. ಮೋಸಹೋದಂತಾಗಿದೆ.
(ಎಂಜಿನಿಯರ್, ನ್ಯೂಜೆರ್ಸಿ)

ಉ: ‘ಗೋ ಸೆಟ್ ಎ ವಾಚ್‌ಮನ್’ ಮೊದಲು ಬರೆದದ್ದು, ಕೊನೆಗೆ ಅಚ್ಚಾದದ್ದು. ಅದರಲ್ಲಿ ಎಪ್ಪತ್ತೆರಡರ ಆಟಿಕಸ್ ಬಿಳಿಯರ ಮಂಡಳಿಯ ಸಭೆಯಲ್ಲಿ ಕುಳಿತಿರುತ್ತಾನೆ. ತಮಾಷೆಯೆಂದರೆ ಆ ಕರಡಿನಲ್ಲಿ ಮೊಕದ್ದಮೆ ಗೆದ್ದಿರುತ್ತಾನೆ, ಆರೋಪಿ ಬಿಡುಗಡೆಯಾಗಿರುತ್ತಾನೆ. ಗೆದ್ದವನು ಹಾಗಿದ್ದ, ಸೋತವನು ದೇವರಾದ.

ನನಗೆ ಆಟಿಕಸ್‌ನ ಮೇಲೆ ನಿಮ್ಮಷ್ಟು ಭಕ್ತಿ ಯಾವತ್ತೂ ಇರಲಿಲ್ಲ, ಆದ್ದರಿಂದ ನಷ್ಟವೂ ಕಡಿಮೆ. ಒಳ್ಳೆಯ ವಕೀಲ, ಒಳ್ಳೆಯ ತಂದೆ. ನನ್ನ ಕಣ್ಣು ಅವನನ್ನು ಬಿಟ್ಟು ಪಕ್ಕಕ್ಕೆ ಹೋಗುತ್ತದೆ. ಟಾಮ್‌ನ ಹೆಂಡತಿ ಹೆಲೆನ್‌ಗೆ ಯಾರೂ ಕೆಲಸ ಕೊಡುವುದಿಲ್ಲ. ಪಾದ್ರಿ ಸೈಕ್ಸ್ ಚರ್ಚಿನ ಬಾಗಿಲು ಹಾಕಿಸಿ, ಆ ಬಡವರಿಂದ 10 ಡಾಲರ್ ಒಟ್ಟಾಗುವವರೆಗೆ ಯಾರನ್ನೂ ಹೊರಗೆ ಬಿಡುವುದಿಲ್ಲ. ಮುಂದೆ ಕೆಲಸ ಸಿಕ್ಕರೂ ಯೂವೆಲ್‌ಗಳ ಕಾಟ ತಪ್ಪಿಸಲು ಹೆಲೆನ್ ಸುತ್ತುದಾರಿ ಹಿಡಿದು ನಡೆಯಬೇಕು. ಟಾಮ್ ಸಾಯುವುದೂ ದೂರದಲ್ಲಿ, ಜೈಲಿನ ಬೇಲಿ ಹತ್ತುವಾಗ, ಮೈಯಲ್ಲಿ 17 ಗುಂಡು. ನಮಗೆ ಸುದ್ದಿ ಬರುವುದು ಹೆಂಗಸರ ಚಹಾಕೂಟದ ಪಕ್ಕದ ಅಡುಗೆಮನೆಯಲ್ಲಿ. ಕಾದಂಬರಿ ಹೆಲೆನ್ ಮನೆಯೊಳಗೆ ಒಂದು ರಾತ್ರಿಯೂ ತಂಗುವುದಿಲ್ಲ. ಅದು ಈ ಪುಸ್ತಕದ ಕೊರತೆ ಎಂದೇ ನನ್ನ ಎಣಿಕೆ. ಮಗನಿಗೆ ಇನ್ನು ಸೈಕ್ಸ್ ಪಾದ್ರಿಯ ಹೆಸರು ಹೇಳಿ.

ಪ್ರ: ನಮ್ಮಲ್ಲಿ ಜ್ಯೂರಿ ಇಲ್ಲ. ಕಲಿತ ನ್ಯಾಯಾಧೀಶರು ತೀರ್ಪು ಕೊಡುತ್ತಾರೆ. ಟಾಮ್‌ಗೆ ಆದದ್ದು ಇಲ್ಲಿ ಆಗಲಾರದು ಎಂದುಕೊಳ್ಳಬಹುದಲ್ಲವೇ?
(ಯುವ ವಕೀಲ, ತುಮಕೂರು)

ಉ: ಜ್ಯೂರಿ ಹೋದದ್ದು, ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆಯ ಅಧಿಕಾರಿ ನಾನಾವತಿಯ ಪ್ರಕರಣದಿಂದ ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ಕಾನೂನು ಆಯೋಗ ಅದನ್ನು ತೆಗೆಯಲು ಹೇಳಿದ್ದು 1958ರಲ್ಲಿ, ನಾನಾವತಿ ಗುಂಡು ಹಾರಿಸಿದ್ದು 1959ರಲ್ಲಿ. ವಕೀಲರು ದಿನಾಂಕ ನೋಡಬೇಕು.

ಜ್ಯೂರಿಯ ಹನ್ನೆರಡು ತಲೆಗಳಲ್ಲಿ ಇದ್ದದ್ದು ಬೇರೆ ಕಡೆಯೂ ಇರಬಲ್ಲದು. ನಮ್ಮ ದೇಶದಲ್ಲಿ 1871ರ ಒಂದು ಕಾಯಿದೆ ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿತ್ತು. 1952ರಲ್ಲಿ ಅದು ರದ್ದಾಯಿತು. ಕಾಯಿದೆಯ ಪುಸ್ತಕದಿಂದ ಹೋಯಿತು.

ನನ್ನ ಸೇವೆಯ ಎಂಟೋ ಒಂಬತ್ತೋ ವರ್ಷದಲ್ಲಿ ಒಂದು ಅಡಿಕೆ ಕಳವಿನ ಮೊಕದ್ದಮೆ ಬಂದಿತ್ತು. ಆರೋಪಿ ಅಂಥ ಸಮುದಾಯದ ಒಬ್ಬ ಹುಡುಗ, ಕೊಡೆ ರಿಪೇರಿ ಮಾಡುತ್ತಾ ಊರೂರು ತಿರುಗುವವನು. ಸಾಕ್ಷಿ ಊರಿನ ಗಣ್ಯರು, ನಿಜಕ್ಕೂ ಸಜ್ಜನರು, ಮಳೆಗಾಲದಲ್ಲಿ ಹತ್ತು ಮನೆಗೆ ಅಕ್ಕಿ ಕೊಡುವವರು. ಇವನೇ ಕದ್ದದ್ದೆಂದು ಹೇಗೆ ಗೊತ್ತು ಎಂದು ಪಾಟೀಸವಾಲಿನಲ್ಲಿ ಕೇಳಿದರೆ ಅವರಿಗೆ ಆಶ್ಚರ್ಯವಾಯಿತು. ‘ಅವರ ಪೈಕಿಯವನು ಅಂದು ಊರಲ್ಲಿ ಇವನೊಬ್ಬನೇ ಇದ್ದದ್ದು, ಇನ್ನಾರು ಸ್ವಾಮಿ?’ ಎಂದರು. ನಾನು ಬಡಿದೆ. ಅದು ಬೇಡ, ಹೊಡೆದು ಹಾಕಿ ಎಂದರು ಸಾಹೇಬರು. ಆ ಸಾಲಿನ ಮೇಲೆ ಒಂದೊಂದೇ ಅಕ್ಷರಕ್ಕೆ ಅಡ್ಡಗೆರೆ ಹೊಡೆದೆ. ಕಾರ್ಬನ್ ಪ್ರತಿಯಲ್ಲಿ ಅದು ಕೊನೆಯವರೆಗೂ ಓದಲು ಬರುತ್ತಿತ್ತು.

ಹುಡುಗ ಬಿಡುಗಡೆಯಾದ. ಅಷ್ಟರಲ್ಲಿ ಜಾಮೀನಿಗೆ ಜನ ಸಿಗದೆ ಹದಿನಾಲ್ಕು ತಿಂಗಳು ಒಳಗಿದ್ದ. ಒಂದು ಮಧ್ಯಾಹ್ನ ಮುದ್ದೆಮಾಲು, ಅಂದರೆ ಪೊಲೀಸರು ಜಪ್ತಿ ಮಾಡಿದ್ದ ವಸ್ತು, ಬಿಡಿಸಿಕೊಳ್ಳಲು ಬಂದ. ಇದ್ದದ್ದು ಅವನ ಸೈಕಲ್ಲು ಮತ್ತು ಕೊಡೆ ಕಡ್ಡಿಗಳ ಒಂದು ಚೀಲ. ಆ ದಿನ ದಾಸ್ತಾನಿನ ಗುಮಾಸ್ತರು ರಜೆ, ಬೀಗದ ಕೈ ನನ್ನ ಬಳಿ ಇತ್ತು. ಹಿಂದಿನ ಮಾಡಿನಲ್ಲಿ ಎರಡು ಮಳೆಗಾಲ ನೆನೆದ ಸೈಕಲ್ಲಿನ ಟೈರುಗಳು ಸಿಪ್ಪೆಯಂತೆ ಸುಲಿದಿದ್ದವು, ಸೀಟಿನಲ್ಲಿ ಇಲಿ ಗೂಡು ಕಟ್ಟಿತ್ತು. ನನ್ನ ಬಾಯಿಂದ ಏನೂ ಹೊರಡಲಿಲ್ಲ. ರಿಜಿಸ್ಟರ್ ತೆರೆದು ಹೆಬ್ಬೆಟ್ಟಿಗೆ ಶಾಯಿಯ ಡಬ್ಬಿ ಮುಂದೆ ಸರಿಸಿದೆ. ಅವನಿಗೆ ಸಹಿ ಹಾಕಲು ಬರುತ್ತಿತ್ತು, ನಾನು ಕೇಳಿಯೇ ಇರಲಿಲ್ಲ. ಪೆನ್ನು ಈಸಿಕೊಂಡು ಸಹಿ ಹಾಕಿದ. ನನ್ನ ಮುಖ ನೋಡಿ, ‘ಪಾಪ, ನೀವೇನು ಮಾಡುತ್ತೀರಮ್ಮಾ’ ಎಂದು, ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದು ಹೋದ.